ನಕ್ಷೆ ಗೋಡೆಯ ಮೇಲೆ ಬರಲಿ

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ಸಂಜೆ ನಾವು ಕೂಲಿಯ ದರದ ಮಾತನ್ನಾಗಲಿ, ದವಸದ ಬೆಲೆಯ ಮಾತನ್ನಾಗಲಿ ಎತ್ತುವುದಿಲ್ಲ. ನಕ್ಷೆಯ ಮಾತನ್ನು ಎತ್ತುತ್ತೇವೆ. ಬಡಾವಣೆಯ ನಕ್ಷೆ, ಮಾರುಕಟ್ಟೆಯ ನಕ್ಷೆ, ರಸ್ತೆಯ ನಕ್ಷೆ. ಅದು ಇಂಜಿನಿಯರರ ಕೆಲಸ, ನಮಗೇಕೆ ಎಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಆದರೆ ಕೂಲಿ ಹೆಚ್ಚಾದರೂ, ಗಿರಣಿಗೆ ಹೋಗಿ ಬರುವುದಕ್ಕೇ ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ನಿಲ್ಲಬೇಕಾದವನಿಗೆ ಆ ಹೆಚ್ಚಳದಲ್ಲಿ ದಕ್ಕುವುದೇನು? ಅಂಗಡಿಯ ಮುಂದಿನ ರಸ್ತೆಯ ನಡುವೆ ಅಡ್ಡಗೋಡೆಯೆದ್ದು ಗಿರಾಕಿ ಈಚೆಗೆ ದಾಟಲಾರದಂತಾದರೆ, ಸರಕನ್ನು ಎಷ್ಟು ಅಗ್ಗವಾಗಿ ಕೊಟ್ಟರೇನು? ಈ ಎರಡು ತೀರ್ಮಾನಗಳೂ ಆಗುವುದು ಕಾಗದದ ಮೇಲಿನ ಒಂದು ಗೆರೆಯಲ್ಲಿ. ಗೆರೆ ಎಳೆದವನು ಯಾರು, ಎಳೆಯುವಾಗ ಯಾರನ್ನು ಕೇಳಿದ, ಕೇಳಿದ ಮೇಲೆ ಏನನ್ನು ತಿದ್ದಿದ ಎಂಬುದೇ ಈ ಹೊತ್ತಿನ ನಮ್ಮ ವಿಚಾರ.

ಒಂದು ಸಣ್ಣ ಲೆಕ್ಕ ಮಾಡೋಣ. ಮಂಡಿಯೊಂದರ ನಕ್ಷೆಯಲ್ಲಿ ಲಾರಿ ನಿಲ್ಲುವ ಜಾಗವನ್ನು ಉಗ್ರಾಣದ ಬಾಗಿಲಿನಿಂದ ೨೦ ಮೀಟರು ಆಚೆಗೆ ಸರಿಸಿದರೆಂದು ಇಟ್ಟುಕೊಳ್ಳಿ. ಕಾಗದದ ಮೇಲೆ ಅದು ಬೆರಳ ತುದಿಯಷ್ಟು ಅಂತರ. ದಿನಕ್ಕೆ ನೂರು ಮೂಟೆ ಹೊರುವ ಹಮಾಲಿಗೆ ಅದು ಬೆನ್ನ ಮೇಲೆ ಭಾರವಿಟ್ಟುಕೊಂಡು ೨ ಕಿಲೋಮೀಟರು, ಬರಿಗೈಯಲ್ಲಿ ಹಿಂದಕ್ಕೆ ೨ ಕಿಲೋಮೀಟರು ಹೆಚ್ಚಿನ ನಡಿಗೆ. ವರುಷಕ್ಕೆ ಮುನ್ನೂರು ದಿನ ದುಡಿದರೆ ೧,೨೦೦ ಕಿಲೋಮೀಟರು. ಇದಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ನಕ್ಷೆ ಬರೆದವನು ಕೆಟ್ಟವನೆಂದಲ್ಲ. ಅವನು ಮೂಟೆ ಹೊತ್ತವನಲ್ಲ, ಅಷ್ಟೆ. ಹೊತ್ತವನನ್ನು ಮೊದಲೇ ಕರೆದು ಕೇಳಿದ್ದರೆ ಒಂದು ರಬ್ಬರು, ಒಂದು ಪೆನ್ಸಿಲಿನಲ್ಲಿ ಮುಗಿಯುತ್ತಿದ್ದ ಕೆಲಸ. ಉಗ್ರಾಣ ಎದ್ದು ನಿಂತ ಮೇಲೆ ಅದನ್ನು ಸರಿಪಡಿಸಲು ಸುತ್ತಿಗೆ ಬೇಕು, ಹೊಸ ಟೆಂಡರು ಬೇಕು, ಖಜಾನೆಯ ಹಣ ಬೇಕು.

ಈ ಸಂಗತಿಯನ್ನು ನಕ್ಷೆ ಬರೆಯುವವರೇ ಚೆನ್ನಾಗಿ ಬಲ್ಲರು. ವಾಸ್ತುಶಿಲ್ಪದ ಶಾಲೆಗಳಲ್ಲಿ ಒಂದು ಪದ್ಧತಿಯುಂಟು. ವಿದ್ಯಾರ್ಥಿ ತನ್ನ ನಿವೇಶನ ನಕ್ಷೆಯನ್ನು ಗೋಡೆಗೆ ಹಾಕಿ ಅದರ ಮುಂದೆ ನಿಲ್ಲಬೇಕು. ಉಪಾಧ್ಯಾಯರು, ಹೊರಗಿನಿಂದ ಬಂದ ಅನುಭವಸ್ಥರು, ಜೊತೆಯ ವಿದ್ಯಾರ್ಥಿಗಳು ಎಲ್ಲರೆದುರಿಗೇ ಪ್ರಶ್ನೆ ಹಾಕುತ್ತಾರೆ. ನೆಲದ ಇಳಿಜಾರು ಯಾವ ಕಡೆಗೆ? ಮಳೆಯ ನೀರು ಎಲ್ಲಿಗೆ ಹೋಗುತ್ತದೆ? ನಡೆದು ಬರುವವನು ಯಾವ ಬಾಗಿಲಲ್ಲಿ ಬರಬೇಕು? ಬೆಂಕಿ ಆರಿಸುವ ಗಾಡಿ ತಿರುಗಲು ಜಾಗವೆಲ್ಲಿ? ವಿದ್ಯಾರ್ಥಿ ಸಮಜಾಯಿಷಿ ಹೇಳಬಹುದು. ಆದರೆ ಸಮಜಾಯಿಷಿಯಿಂದ ನೀರು ಮೇಲಕ್ಕೆ ಹರಿಯುವುದಿಲ್ಲವಲ್ಲ! ಅವನು ಮರಳಿ ಹೋಗಿ, ಹಳೆಯ ನಕ್ಷೆಯ ಮೇಲೆ ತೆಳುವಾದ ಪಾರದರ್ಶಕ ಕಾಗದ ಹಾಸಿ, ಸರಿಯಾದ ಗೆರೆಗಳನ್ನು ಉಳಿಸಿಕೊಂಡು, ತಪ್ಪಾದವುಗಳನ್ನು ಬದಲಿಸಿ ಬರೆಯುತ್ತಾನೆ. ಮತ್ತೆ ಗೋಡೆಗೆ ಹಾಕುತ್ತಾನೆ. ಮತ್ತೆ ಪ್ರಶ್ನೆ, ಮತ್ತೆ ತಿದ್ದುಪಡಿ. ಅಲ್ಲಿ ಟೀಕೆ ಬಹಿರಂಗವಾಗಿರುತ್ತದೆ. ಟೀಕೆಗೆ ಕಾರಣ ಕೊಡಬೇಕಾಗುತ್ತದೆ. ಕಟ್ಟುವುದಕ್ಕೆ ಮುಂಚೆ ಟೀಕೆ ನಡೆಯುತ್ತದೆ. ಈ ಮೂರನ್ನು ತಾವು ನೆನಪಿನಲ್ಲಿಡಬೇಕು.

ಇಂಥ ಗೋಡೆ ಊರಿನ ನಡುವೆ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ನೋಡಲು ನಾವು ಬಹಳ ದೂರ ಹೋಗಬೇಕಾಗಿಲ್ಲ. ತುಮಕೂರು ರಸ್ತೆ ಹಿಡಿದು ಬೆಂಗಳೂರಿಗೆ ಹೋಗುವ ಬಸ್ಸು ಯಶವಂತಪುರದಲ್ಲಿ ನಿಲ್ಲುತ್ತದೆ. ಅಲ್ಲಿಂದ ಪೂರ್ವಕ್ಕೂ ಉತ್ತರಕ್ಕೂ ಹೆಬ್ಬಾಳ, ಆರ್.ಟಿ. ನಗರ, ಜಕ್ಕೂರು, ಯಲಹಂಕ. ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಬಂದ ಮೇಲೆ ಬೆಂಗಳೂರಿನ ಈ ಉತ್ತರ ಭಾಗದಲ್ಲಿ ನೆಲಕ್ಕೆ ಬಂದ ಬೆಲೆ, ಎದ್ದ ಕಟ್ಟಡ, ಹಾಕಿದ ರಸ್ತೆ ಎಲ್ಲರೂ ಬಲ್ಲದ್ದೇ. ನಮ್ಮ ಮನೆಗಳ ಮಕ್ಕಳು ಅಲ್ಲಿ ದುಡಿಯುತ್ತಿದ್ದಾರೆ. ಅಲ್ಲಿ ಈವತ್ತು ಆದದ್ದು ನಾಳೆ ನಮ್ಮ ಊರಿಗೂ ಬರತಕ್ಕದ್ದು. ಆದ್ದರಿಂದ ಅಲ್ಲಿಯ ಮೂರು ಸಂಗತಿಗಳನ್ನು ತಮ್ಮ ಮುಂದಿಡುತ್ತೇವೆ.

ಮೊದಲನೆಯದು ಉಕ್ಕಿನ ಮೇಲುಸೇತುವೆ. ೨೦೧೬ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು ೬.೭ ಕಿಲೋಮೀಟರು ಉದ್ದದ ಸೇತುವೆ ಕಟ್ಟಲು ಹೊರಟಿತು. ವೆಚ್ಚ ೧,೭೯೧ ಕೋಟಿ ರೂಪಾಯಿ. ಬೀಳಬೇಕಾಗಿದ್ದ ಮರಗಳು ೮೧೨. ಸೆಪ್ಟೆಂಬರಿನಲ್ಲಿ ಮಂತ್ರಿಮಂಡಲದ ಒಪ್ಪಿಗೆಯೂ ಸಿಕ್ಕಿತು. ಆಗ ಊರು ಎಚ್ಚೆತ್ತಿತು. ಅಕ್ಟೋಬರ್ ೧೬ರ ಭಾನುವಾರ ಸಾವಿರಾರು ಜನ ಆ ಹಾದಿಯಲ್ಲಿ ಕೈಗೆ ಕೈ ಕೊಟ್ಟು ಸರಪಳಿಯಾಗಿ ನಿಂತರು. ಅದೇ ತಿಂಗಳು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ತಡೆಯಾಜ್ಞೆ ಕೊಟ್ಟಿತು. ೨೦೧೭ರ ಮಾರ್ಚ್ ೨ರಂದು ಸರ್ಕಾರ ಯೋಜನೆಯನ್ನು ಕೈಬಿಟ್ಟಿತು.

ಆ ಜನರ ಪ್ರಶ್ನೆಗಳು ಬರಿಯ ಕೂಗಾಟವಾಗಿರಲಿಲ್ಲ. ಸೇತುವೆ ವಾಹನಗಳನ್ನು ತಂದು ಸುರಿಯುವುದು ಹೆಬ್ಬಾಳದಲ್ಲಿ. ೨೦೦೩ರಿಂದ ಇರುವ ಅಲ್ಲಿಯ ಮೇಲುಸೇತುವೆಯೇ ಸೀಸೆಯ ಕತ್ತಿನಂತೆ ಕಟ್ಟಿಕೊಂಡಿರುವಾಗ ಇನ್ನಷ್ಟು ವಾಹನ ಎಲ್ಲಿಗೆ ಹೋಗಬೇಕು? ಇಷ್ಟು ಹಣದಲ್ಲಿ ಕಾರಿನವನಿಗೆ ಕೆಲವು ನಿಮಿಷ ಉಳಿದರೆ, ಬಸ್ಸಿನವನಿಗೆ ಉಳಿಯುವುದೆಷ್ಟು? ಯಶವಂತಪುರ, ಹೆಬ್ಬಾಳ, ಯಲಹಂಕಗಳಿಗೆ ರೈಲು ಹಳಿ ಹಿಂದಿನಿಂದಲೇ ಇರುವಾಗ ಅದರ ಮೇಲೆ ದುಡಿಯುವವರಿಗಾಗಿ ರೈಲು ಓಡಿಸಬಾರದೇಕೆ? ಇದಾದ ಮೇಲೆ, ೨೦೨೦ರಲ್ಲಿ, ೧೪೮ ಕಿಲೋಮೀಟರಿನ ಉಪನಗರ ರೈಲು ಯೋಜನೆಗೆ ೧೫,೭೬೭ ಕೋಟಿ ರೂಪಾಯಿ ಅಂದಾಜಿನಲ್ಲಿ ಕೇಂದ್ರದ ಒಪ್ಪಿಗೆ ದೊರೆಯಿತು, ೨೦೨೨ರಲ್ಲಿ ಶಂಕುಸ್ಥಾಪನೆಯಾಯಿತು. ಅದರ ಕೆಲಸ ಕುಂಟುತ್ತ ಸಾಗಿದ ಕಥೆಯೇ ಬೇರೆ.

ಜನ ಗೆದ್ದರೆಂದು ನಾವು ಸಂತೋಷಪಡಬಹುದು. ಆದರೆ ಸರಿಯಾಗಿ ನೋಡಿ. ಪ್ರಶ್ನೆ ಕೇಳುವ ಅವಕಾಶ ಜನಕ್ಕೆ ದಕ್ಕಿದ್ದು ಮಂತ್ರಿಮಂಡಲದ ಒಪ್ಪಿಗೆಯಾದ ಮೇಲೆ. ಅಷ್ಟು ಹೊತ್ತಿಗೆ ತಿದ್ದುವುದಕ್ಕೆ ಎಡೆಯೇ ಉಳಿದಿರಲಿಲ್ಲ. ಕಟ್ಟು ಇಲ್ಲವೇ ಬಿಡು ಎಂಬ ಎರಡೇ ದಾರಿ. ನಕ್ಷೆ ಹರಿದುಹೋಯಿತು, ಉತ್ತಮವಾಗಲಿಲ್ಲ. ಹೆಬ್ಬಾಳದ ನೂಕುನುಗ್ಗಲು ಬಳಿಕವೂ ವರುಷಗಟ್ಟಲೆ ಹಾಗೆಯೇ ಉಳಿಯಿತು. ಬೆಳಗಿನ ಪಾಳಿಗೆ ಹೋಗುವವನು ಅದರಲ್ಲೇ ನಿಂತ. ಆ ಪ್ರಶ್ನೆಗಳನ್ನೇ ಎರಡು ವರುಷ ಮುಂಚೆ, ಗೆರೆ ಇನ್ನೂ ಪೆನ್ಸಿಲಿನಲ್ಲಿದ್ದಾಗ ಕೇಳಿಸಿಕೊಂಡಿದ್ದರೆ ಬಸ್ಸಿಗೊಂದು ದಾರಿ, ನಡೆಯುವವನಿಗೊಂದು ಕಾಲುದಾರಿ, ರೈಲಿಗೊಂದು ನಿಲ್ದಾಣ ಆ ಕಾಗದದ ಮೇಲೇ ಮೂಡಬಹುದಾಗಿತ್ತು.

ಎರಡನೆಯದು ಅರ್ಕಾವತಿ ಬಡಾವಣೆ. ೨೦೦೩ರ ಫೆಬ್ರವರಿ ೩ರಂದು ಅದೇ ಪ್ರಾಧಿಕಾರ ಹೆಬ್ಬಾಳ, ಜಕ್ಕೂರು, ಅಮೃತಹಳ್ಳಿ, ಥಣಿಸಂದ್ರ, ನಾಗವಾರ ಮೊದಲಾದ ೧೬ ಹಳ್ಳಿಗಳಲ್ಲಿ ೩,೩೩೯ ಎಕರೆ ೧೨ ಗುಂಟೆ ನೆಲದ ಸ್ವಾಧೀನಕ್ಕೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ೨೦೦೪ರ ಫೆಬ್ರವರಿ ೨೩ರ ಅಂತಿಮ ಅಧಿಸೂಚನೆಯಲ್ಲಿ ಅದು ೨,೭೫೦ ಎಕರೆಗೆ ಇಳಿಯಿತು. ಮೇಲುನೋಟಕ್ಕೆ ಇದೂ ತಿದ್ದುಪಡಿಯೇ. ಆದರೆ ಯಾವ ಹೊಲವನ್ನು ಬಿಟ್ಟರು, ಯಾವುದನ್ನು ಹಿಡಿದರು, ಏಕೆ? ಒಂದೇ ಬದುವಿನ ಆಚೆಯ ನೆಲಕ್ಕೆ ಬಿಡುಗಡೆ, ಈಚೆಯ ನೆಲಕ್ಕೆ ಸ್ವಾಧೀನ ಎಂಬ ದೂರು ಎದ್ದಿತು. ರೈತರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ೨೦೦೫ರ ಏಪ್ರಿಲಿನಲ್ಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಸ್ವಾಧೀನವನ್ನೇ ರದ್ದುಮಾಡಿತು. ನವೆಂಬರಿನಲ್ಲಿ ವಿಭಾಗೀಯ ಪೀಠ ಷರತ್ತುಗಳ ಮೇಲೆ ಅದನ್ನು ಎತ್ತಿಹಿಡಿಯಿತು. ಕಡೆಗೆ ೨೦೧೦ರ ಮೇ ೫ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಹಸಿರು ವಲಯದ ನೆಲ, ಆಗಲೇ ಮನೆಗಳಿಂದ ತುಂಬಿದ್ದ ನೆಲ, ಕಾರ್ಖಾನೆಯಿದ್ದ ನೆಲ, ಬಿಟ್ಟುಕೊಟ್ಟ ನೆಲಕ್ಕೆ ಅಂಟಿಕೊಂಡು ಅದರಂತೆಯೇ ಇದ್ದ ನೆಲ, ಇವುಗಳ ಒಡೆಯರ ಅಹವಾಲನ್ನು ಮರಳಿ ಪರಿಶೀಲಿಸುವ ದಾರಿ ಉಳಿಯಿತು. ೨೦೧೪ರಲ್ಲಿ ಜಮೀನು ಕೈಬಿಟ್ಟ ವಿಚಾರವಾಗಿ ಮತ್ತೆ ಗದ್ದಲವೆದ್ದು ನ್ಯಾಯಮೂರ್ತಿ ಕೆಂಪಣ್ಣನವರ ವಿಚಾರಣಾ ಆಯೋಗವೇ ನೇಮಕವಾಯಿತು.

ಸಂಗಾತಿಗಳೇ, ಇಲ್ಲಿರುವ ಪಾಠ ಬಹಳ ಮುಖ್ಯವಾದದ್ದು. ನಕ್ಷೆಯ ಗೆರೆ ಬದಲಾಗುವುದಕ್ಕೆ ಎರಡು ದಾರಿಗಳುಂಟು. ಒಂದು ಗೋಡೆಯ ಮುಂದಿನ ದಾರಿ: ಎಲ್ಲರೆದುರಿಗೆ ಆಕ್ಷೇಪಣೆ, ಎಲ್ಲರೆದುರಿಗೆ ಉತ್ತರ. ಇನ್ನೊಂದು ಹಿಂಬಾಗಿಲಿನ ದಾರಿ: ಶಿಫಾರಸು, ಚೀಟಿ, ಕಿವಿಮಾತು. ಮೊದಲನೆಯದರಿಂದ ಕಾರಣವಿದ್ದವನ ಮಾತು ನಡೆಯುತ್ತದೆ. ಎರಡನೆಯದರಿಂದ ಕೈ ಉದ್ದವಿದ್ದವನ ಮಾತು ನಡೆಯುತ್ತದೆ. ಮೊದಲನೆಯದು ನಕ್ಷೆಯನ್ನು ತಿದ್ದುತ್ತದೆ, ಎರಡನೆಯದು ಅದಕ್ಕೆ ತೂತು ಹಾಕುತ್ತದೆ. ಮುಂಬಾಗಿಲನ್ನು ಮುಚ್ಚಿದ ಕಚೇರಿಯಲ್ಲಿ ಹಿಂಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ. ಎರಡು ಎಕರೆಯ ರೈತನಿಗೂ, ತಳ್ಳುಗಾಡಿಯವನಿಗೂ, ಪಾಳಿಯ ಕಾರ್ಮಿಕನಿಗೂ ಆ ಹಿಂಬಾಗಿಲಿನ ಗುರುತು ಇರುವುದಿಲ್ಲ. ಆದ್ದರಿಂದ ಬಹಿರಂಗವಾದ ಟೀಕೆಯೆಂಬುದು ಸಣ್ಣವರಿಗೆ ಉಳಿದಿರುವ ಏಕೈಕ ಶಿಫಾರಸು.

ಮೂರನೆಯ ಸಂಗತಿಯಲ್ಲಿ ಟೀಕೆ ಮಾಡಿದ್ದು ಜನರಲ್ಲ, ಮಳೆ. ೨೦೨೧ರ ನವೆಂಬರಿನಲ್ಲಿ ಯಲಹಂಕ ಕೆರೆ ತುಂಬಿ ಹರಿದು, ತಗ್ಗಿನಲ್ಲಿರುವ ಕೇಂದ್ರೀಯ ವಿಹಾರವೆಂಬ ವಸತಿ ಸಮುಚ್ಚಯಕ್ಕೆ ನೀರು ನುಗ್ಗಿತು. ಅಲ್ಲಿದ್ದವರನ್ನು ದೋಣಿಗಳಲ್ಲಿ ಹೊರಗೆ ತರಬೇಕಾಯಿತು. ೨೦೨೪ರ ಅಕ್ಟೋಬರಿನಲ್ಲಿ ಅದೇ ಸಮುಚ್ಚಯಕ್ಕೆ ಮತ್ತೆ ಅದೇ ಗತಿ. ಬೆಂಗಳೂರಿನ ಸುತ್ತಿನ ಕೆರೆಗಳು ಸರಪಳಿಯಂತೆ ಒಂದರ ಕೆಳಗೊಂದು ಕಟ್ಟಿದವು. ಮೇಲಿನ ಕೆರೆಯ ಕೋಡಿ ನೀರು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ ಇಳಿಯಬೇಕು. ಆ ಕಾಲುವೆಯ ಅಗಲ ನಾಡಪ್ರಭುಗಳ ಕಾಲದಿಂದ ನೀರನ್ನು ಕಂಡ ಹಳೆಯ ಹಳ್ಳಿಯವರಿಗೆ ತಿಳಿದಿತ್ತು. ಯಾವ ತಗ್ಗಿನಲ್ಲಿ ಭತ್ತ ಬೆಳೆಯುತ್ತಿದ್ದರು, ಯಾವ ದಿಬ್ಬದಲ್ಲಿ ರಾಗಿ, ಎಂದು ಊರಿನ ಮುದುಕನೊಬ್ಬನನ್ನು ಕೇಳಿದರೆ ಅರ್ಧ ಸಮೀಕ್ಷೆ ಮುಗಿದಂತೆಯೇ. ಮಳೆ ಅರ್ಜಿ ಬರೆಯುವುದಿಲ್ಲ, ವಾಯಿದೆ ಕೇಳುವುದಿಲ್ಲ. ನೆಲ ಬಲ್ಲವರ ಆಕ್ಷೇಪಣೆಗೆ ಕಿವುಡಾದ ನಕ್ಷೆಗೆ ಅದು ಬಾಗಿಲೊಳಗೇ ಬಂದು ಉತ್ತರ ಹೇಳುತ್ತದೆ.

"ಎಲ್ಲರೂ ಮಾತಾಡುತ್ತ ಕೂತರೆ ಕೆಲಸ ಆಗುವುದು ಯಾವಾಗ?" ಎಂದು ಅಧಿಕಾರಿಗಳು ಕೇಳುವುದುಂಟು. ಒಳ್ಳೆಯ ಪ್ರಶ್ನೆ. ಉತ್ತರವನ್ನು ಅರ್ಕಾವತಿಯ ತಾರೀಖುಗಳೇ ಹೇಳುತ್ತವೆ. ೨೦೦೩ರಲ್ಲಿ ಹೊರಟ ನಕ್ಷೆ ೨೦೧೦ರಲ್ಲಿ ಇನ್ನೂ ದೆಹಲಿಯ ನ್ಯಾಯಾಲಯದಲ್ಲಿತ್ತು. ನೆಲ ಕಳಕೊಂಡವನು ಒಂದು ಕಡೆ ಅಲೆದ. ಹಣ ಕಟ್ಟಿ ನಿವೇಶನ ಪಡೆದವನು ಇನ್ನೊಂದು ಕಡೆ ಅಲೆದ. ಮೊದಲ ಆರು ತಿಂಗಳು ಕೂತು ಕೇಳಿದ್ದರೆ ಹೋಗುತ್ತಿದ್ದುದು ಆರು ತಿಂಗಳು ಮಾತ್ರ.

ಕೇಳಿಸಿಕೊಂಡು ನಕ್ಷೆ ಮಾಡಿದವರೂ ಇಲ್ಲದಿಲ್ಲ. ಆಟೊ ಕೊನಿಗ್ಸ್‌ಬರ್ಗರ್ ಎಂಬ ಜರ್ಮನಿಯ ವಾಸ್ತುಶಿಲ್ಪಿ ಹಿಟ್ಲರನ ದೇಶದಿಂದ ಹೊರಬಂದು ೧೯೩೯ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದರು. ಯಶವಂತಪುರದ ಪಕ್ಕದ ಟಾಟಾ ವಿಜ್ಞಾನ ಸಂಸ್ಥೆಯಲ್ಲಿ ಅವರ ಕಟ್ಟಡಗಳುಂಟು. ಭದ್ರಾವತಿಯ ಊರ ಯೋಜನೆಗೂ ಅವರು ಕೈಹಚ್ಚಿದ್ದರು. ಮುಂದೆ ೧೯೬೩ರಲ್ಲಿ ವಿಶ್ವಸಂಸ್ಥೆಯ ತಜ್ಞರಲ್ಲೊಬ್ಬರಾಗಿ ಸಿಂಗಪುರಕ್ಕೆ ಹೋದರು. ಅವರ ವಾದ ಇದು: ವರುಷಗಟ್ಟಲೆ ಕೂತು ಬರೆದ ಮಹಾಯೋಜನೆ ಮಂಜೂರಾಗುವ ಹೊತ್ತಿಗೆ ಊರೇ ಬದಲಾಗಿರುತ್ತದೆ. ಆದುದರಿಂದ ಒಂದು ಭಾಗವನ್ನು ಮಾಡಿ, ಅದರ ಫಲವನ್ನು ನೋಡಿ, ತಿದ್ದಿ, ಮುಂದಿನ ಭಾಗಕ್ಕೆ ಹೋಗಬೇಕು. ಅವರ ಮಾತು ಎಷ್ಟು ನಿಜವೆಂಬುದನ್ನು ಬೆಂಗಳೂರೇ ತೋರಿಸಿತು. ೨೦೩೧ರ ವರೆಗಿನ ಮಹಾಯೋಜನೆಯ ಕರಡು ೨೦೧೭ರ ನವೆಂಬರಿನಲ್ಲಿ ಹೊರಬಂದು, ಸಾವಿರಾರು ಆಕ್ಷೇಪಣೆಗಳನ್ನು ಕಂಡು, ೨೦೨೦ರಲ್ಲಿ ಹಿಂದಕ್ಕೆ ಹೋಯಿತು. ಊರು ೨೦೦೭ರಲ್ಲಿ ಒಪ್ಪಿಗೆ ಪಡೆದ ಹಳೆಯ ಯೋಜನೆಯನ್ನೇ ನೆಚ್ಚಿಕೊಂಡಿರಬೇಕಾಯಿತು.

ಇನ್ನೊಬ್ಬರು ಬಾಲಕೃಷ್ಣ ದೋಷಿಯವರು. ೧೯೮೦ರ ದಶಕದಲ್ಲಿ ಇಂದೂರಿನ ಹೊರವಲಯದಲ್ಲಿ ಸುಮಾರು ೮೫ ಹೆಕ್ಟೇರು ನೆಲದಲ್ಲಿ ೬,೫೦೦ ನಿವೇಶನಗಳ ಅರಣ್ಯವೆಂಬ ಬಡಾವಣೆಯನ್ನು ಅವರು ಯೋಜಿಸಿದರು. ಅದರಲ್ಲಿ ಹೆಚ್ಚು ಪಾಲು ಬಡವರದು. ಅವರ ಕಚೇರಿಯವರು ಮೊದಲು ಇಂದೂರಿನ ಕೊಳೆಗೇರಿಗಳಲ್ಲೇ ನಡೆದಾಡಿ, ಬಡವರು ತಮ್ಮಷ್ಟಕ್ಕೆ ತಾವು ಹೇಗೆ ಕಟ್ಟಿಕೊಂಡಿದ್ದಾರೆಂದು ಅಳತೆ ತೆಗೆದರು. ಮನೆಯ ಮುಂದಿನ ಜಗಲಿಯಲ್ಲಿ ಬೀಡಿ ಕಟ್ಟುವವರು, ಬೀದಿಯ ತಿರುವಿನಲ್ಲಿ ಸಾಮಾನು ಮಾರುವವರು, ಮರದಡಿ ಕೂರುವವರು, ಇವರಿಗೆಲ್ಲ ಬೀದಿಯೆಂದರೆ ದಾರಿ ಮಾತ್ರವಲ್ಲ, ದುಡಿಯುವ ಜಾಗ. ಬಡಾವಣೆಯ ಬೀದಿಗಳು ಆ ಪಾಠದಿಂದ ಹುಟ್ಟಿದವು. ಬಡವನಿಗೆ ಕೊಟ್ಟದ್ದು ತಳಪಾಯ, ನೀರಿನ ನಲ್ಲಿ, ಪಾಯಿಖಾನೆ. ಉಳಿದದ್ದನ್ನು ಕೈಯಲ್ಲಿ ಕಾಸು ಬಂದಂತೆ ಅವನೇ ಕಟ್ಟಿಕೊಂಡ. ೧೯೯೫ರಲ್ಲಿ ಆ ಬಡಾವಣೆಗೆ ಆಗಾ ಖಾನ್ ಪ್ರಶಸ್ತಿ ಬಂದಿತು.

ಇನ್ನು ನಮ್ಮ ಕೈಯಲ್ಲಿರುವ ಹಕ್ಕುಗಳೇನು? ೧೯೬೧ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ಬೆಂಗಳೂರಿಗೆ ಮಾತ್ರ ಸೇರಿದ್ದಲ್ಲ, ನಮ್ಮಂಥ ಊರುಗಳದೂ ಹೌದು. ಮಹಾಯೋಜನೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳಲೇಬೇಕೆಂಬುದು ಅದರ ವಿಧಿ. ಬೆಂಗಳೂರಿನ ೨೦೧೭ರ ಕರಡಿಗೆ ಕೊಟ್ಟ ವಾಯಿದೆ ೬೦ ದಿನ. ಬೆಂಗಳೂರು ಪ್ರಾಧಿಕಾರದ ೧೯೭೬ರ ಕಾಯಿದೆಯಲ್ಲಿ ನೆಲ ಕಳಕೊಳ್ಳುವವನಿಗೆ 'ಏಕೆ ಬಿಡಬೇಕು' ಎಂದು ಹೇಳಿಕೊಳ್ಳಲು ೩೦ ದಿನ. ಬೀದಿ ವ್ಯಾಪಾರಿಗಳ ೨೦೧೪ರ ಕಾಯಿದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ ೪೦ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರು. ತಳ್ಳುಗಾಡಿಯವನು ನಕ್ಷೆಯ ಮೇಲೆ ಜಾಗ ಕೇಳುವುದು ಭಿಕ್ಷೆಯಲ್ಲ, ಕಾನೂನು.

ಹಕ್ಕಿದ್ದರೆ ಸಾಲದು, ಅದನ್ನು ಬಳಸುವ ಬಗೆ ತಿಳಿದಿರಬೇಕು. ನಕ್ಷೆ ಕೈಗೆ ಬಂದಾಗ ಮೊದಲು ಅಳತೆಯ ಪಟ್ಟಿ ನೋಡಿರಿ. ಒಂದು ಅಂಗುಲಕ್ಕೆ ನೆಲದ ಮೇಲೆ ಎಷ್ಟು ಅಡಿ? ಉತ್ತರ ದಿಕ್ಕಿನ ಬಾಣ ನೋಡಿರಿ. ಆಮೇಲೆ ತಮಗೆ ಗೊತ್ತಿರುವ ಗುರುತನ್ನು ಹುಡುಕಿರಿ: ಗಿರಣಿಯ ಗೇಟು, ಅರಳಿಕಟ್ಟೆ, ಕೆರೆಯ ಕೋಡಿ. ಅಲ್ಲಿಂದ ಬೆರಳಿಟ್ಟು ನಡೆಯಿರಿ. ಮನೆಯಿಂದ ಬಸ್ಸಿಗೆ ಎಷ್ಟು ದೂರ, ರಾತ್ರಿ ಪಾಳಿ ಮುಗಿಸಿ ಬರುವ ಹೆಂಗಸು ಯಾವ ದಾರಿಯಲ್ಲಿ ಬರಬೇಕು, ರಸ್ತೆ ದಾಟುವುದೆಲ್ಲಿ, ಸಂತೆ ಕೂರುವುದೆಲ್ಲಿ, ನೀರು ಹೋಗುವುದೆಲ್ಲಿ, ಈಗ ಇರುವವರಲ್ಲಿ ಎದ್ದು ಹೋಗಬೇಕಾದವರು ಯಾರು, ಅವರಿಗೆ ಕೊಟ್ಟ ಜಾಗ ಯಾವುದು? "ನಮಗೆ ಅನ್ಯಾಯವಾಗಿದೆ" ಎಂದಷ್ಟೇ ಬರೆದ ಅರ್ಜಿ ಕಡತದಲ್ಲಿ ಮಲಗುತ್ತದೆ. "ಇಂಥ ಸರ್ವೆ ನಂಬರಿನ ಬಳಿ ರಸ್ತೆಯನ್ನು ಇಷ್ಟು ಅಡಿ ಪಕ್ಕಕ್ಕೆ ಸರಿಸಿದರೆ ಹನ್ನೊಂದು ಅಂಗಡಿ ಉಳಿಯುತ್ತವೆ, ರಸ್ತೆಯ ಅಗಲ ಕುಗ್ಗುವುದಿಲ್ಲ" ಎಂದು ಬರೆದ ಅರ್ಜಿಗೆ ಉತ್ತರ ಕೊಡಲೇಬೇಕಾಗುತ್ತದೆ. ಅರ್ಜಿಗೆ ಸ್ವೀಕೃತಿ ಪಡೆಯಿರಿ. ವಾಯಿದೆ ಮೀರಬೇಡಿರಿ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ.

ನಮ್ಮೊಳಗೂ ಒಂದು ಎಚ್ಚರ ಬೇಕು. ನನ್ನ ಅಂಗಡಿ ಉಳಿದು ಪಕ್ಕದವನದು ಹೋಗಲಿ ಎಂಬ ಟೀಕೆ ಹಿಂಬಾಗಿಲಿನ ಟೀಕೆಯೇ. ಅಂಗಡಿಯವನು ಹಮಾಲಿಯ ಜೊತೆ, ಹಮಾಲಿ ಗಾಡಿಯವನ ಜೊತೆ ಕೂತು ಮೊದಲು ನಮ್ಮ ನಮ್ಮಲ್ಲೇ ವಾದ ಮಾಡಿಕೊಂಡು, ಒಂದು ಮಾತಾಗಿ ಹೋಗಬೇಕು. ಆ ವಾದವೂ ನಕ್ಷೆಯನ್ನು ತಿದ್ದುವ ಕೆಲಸವೇ.

ಕಡೆಯದಾಗಿ ನಮ್ಮ ಬೇಡಿಕೆ ಇಷ್ಟು. ನಮ್ಮ ಊರಿನ ಯಾವುದೇ ರಸ್ತೆ, ಮಾರುಕಟ್ಟೆ, ಬಡಾವಣೆಯ ನಕ್ಷೆಯಾಗಲಿ, ಟೆಂಡರಿಗೆ ಮುಂಚೆ ಎರಡು ತಿಂಗಳು ಗೋಡೆಯ ಮೇಲೆ ಇರಬೇಕು. ಕಚೇರಿಯ ಒಳಗೋಡೆಯಲ್ಲಲ್ಲ, ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ, ಗಿರಣಿಯ ಗೇಟಿನಲ್ಲಿ. ಅದರ ವಿವರ ಕನ್ನಡದಲ್ಲಿರಬೇಕು. ಬರೆದ ಇಂಜಿನಿಯರು ಪಾಳಿ ಬಿಟ್ಟ ಮೇಲಿನ ಹೊತ್ತಿನಲ್ಲಿ, ಭಾನುವಾರದಲ್ಲಿ, ಅದರ ಮುಂದೆ ನಿಂತು ಉತ್ತರ ಹೇಳಬೇಕು. ಬಂದ ಆಕ್ಷೇಪಣೆಗಳಲ್ಲಿ ಯಾವುದನ್ನು ಒಪ್ಪಿದರು, ಯಾವುದನ್ನು ಬಿಟ್ಟರು, ಏಕೆ ಬಿಟ್ಟರು ಎಂದು ಬರೆದು ಅದೇ ಗೋಡೆಗೆ ಅಂಟಿಸಬೇಕು. ಇದಕ್ಕೆ ಕೋಟಿಗಳು ಬೇಡ. ಒಂದು ಹಲಗೆ, ನಾಲ್ಕು ಮೊಳೆ, ಕೇಳುವ ಕಿವಿ ಸಾಕು. ಪೌರಸಭೆಗೆ ಕೊಡುವ ಈ ಮನವಿಯ ಪ್ರತಿ ಬಾಗಿಲ ಬಳಿಯ ಮೇಜಿನ ಮೇಲಿದೆ. ಓದಿ, ತಿದ್ದಬೇಕಾದದ್ದಿದ್ದರೆ ತಿದ್ದಿ, ಆಮೇಲೆ ಸಹಿ ಹಾಕಿರಿ.